ಬೇರೆಯವರ ಹೆಸರಹಬ್ಬ

ನೆಲಮಾಳಿಗೆಯ ಜಿಮ್ಮಿನ ಬಾಗಿಲಲ್ಲಿ ಹೊರಗಿನ ಬೂಟು ಬಿಚ್ಚಿ ಒಳಗಿನ ಬೂಟು ಹಾಕಿಕೊಳ್ಳುವುದಕ್ಕೆಂದು ಒಂದು ಬೆಂಚಿತ್ತು. ಮೊದಲ ದಿನ ರಿನಾ ಆ ಬೆಂಚಿನ ಮೇಲೆ ಕೂತವಳು ಏಳುವ ಹಾಗೆ ಕಾಣಲಿಲ್ಲ. ಲೇಸು ಕಟ್ಟಿದಳು, ಸರಿಯಾಗಲಿಲ್ಲವೆಂದು ಬಿಚ್ಚಿದಳು, ಮತ್ತೆ ಕಟ್ಟಿದಳು. ಅರವತ್ತು ದಾಟಿದ ಹೆಂಗಸಿಗೆ ಲೇಸು ಕಟ್ಟುವುದು ಮರೆತುಹೋಗಿರಲಿಲ್ಲ. ಒಳಗೆ ಕಾಲಿಡಲು ಧೈರ್ಯ ಸಾಲದೆ ತಪ್ಪನ್ನೆಲ್ಲ ಲೇಸಿನ ಮೇಲೆ ಹೊರಿಸುತ್ತಿದ್ದಳು, ಅಷ್ಟೆ.

ಒಳಗೆ ಗೋಡೆಯಿಂದ ಗೋಡೆಗೆ ಕನ್ನಡಿ. ಅದರಲ್ಲಿ ತೀರಿಕೊಂಡ ಗಂಡನ ಟ್ರ್ಯಾಕ್ ಪ್ಯಾಂಟು ತೊಟ್ಟು, ಪಾದದ ಹತ್ತಿರ ಎರಡು ಮಡಿಕೆ ಹಾಕಿಕೊಂಡು, ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದ ಹೆಂಗಸೊಬ್ಬಳು ಕಾಣುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ ರಿನಾ ಮುಖ ತಿರುಗಿಸುತ್ತಿದ್ದಳು. ಗಂಡ ಹೋದ ಮೇಲೆ ನಾದಿನಿಯ ಆಸರೆಗೆಂದು ಡ್ಯಾನ್ಯೂಬ್ ನದಿಯ ಬಲ್ಗೇರಿಯಾ ದಡದ ಈ ಊರಿಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಬಂದ ಮೊದಲ ಹಿಮಕ್ಕೇ ಜಾರಿ ಬಿದ್ದಳು. ಡಾಕ್ಟರು ಎಕ್ಸ್-ರೇ ತೆಗೆಸಿ ನೋಡಿ, 'ಮೂಳೆ ಬಿಸ್ಕತ್ತಿನ ಹಾಗಾಗಿದೆಯಮ್ಮ, ಮಾತ್ರೆಯೊಂದೇ ಸಾಲದು, ಭಾರ ಎತ್ತಿ' ಎಂದಿದ್ದರು.

ರಿನಾಳಲ್ಲಿ ನಾಚಿಕೆ ಎಷ್ಟಿತ್ತೋ ಕುತೂಹಲವೂ ಅಷ್ಟೇ ಇತ್ತು. ಆ ದಿನ ಬೆಂಚಿನಿಂದ ಅವಳನ್ನು ಎಬ್ಬಿಸಿದ್ದು ಧೈರ್ಯವಲ್ಲ, ಕುತೂಹಲ. ಉಣ್ಣೆಯ ಸ್ವೆಟರು ತೊಟ್ಟ ಒಬ್ಬ ಮುದುಕಿ ಕಬ್ಬಿಣದ ರಾಡನ್ನು ನೆಲದಿಂದ ಎತ್ತಿ ಇಳಿಸಿದಳು. ಅದೇ ಒಂದು ಸೋಜಿಗ. ಇಳಿಸಿದ ಮೇಲೆ ಕೂತು ಸುಧಾರಿಸಿಕೊಳ್ಳುವುದು ಬಿಟ್ಟು, ರಾಡಿನ ಎರಡೂ ತುದಿಯ ತೂಕದ ಪ್ಲೇಟುಗಳನ್ನು ತೆಗೆದು ಬೇರೆ ದೊಡ್ಡ ಪ್ಲೇಟುಗಳನ್ನು ಹಾಕಿ ಪಕ್ಕಕ್ಕೆ ಸರಿದಳು. ಆಮೇಲೆ ಒಬ್ಬ ದಡೂತಿ ಗಂಡಸು ಬಂದು, ಥ್ಯಾಂಕ್ಸ್ ಕೂಡ ಹೇಳದೆ ಅದನ್ನು ಎತ್ತಿದ. ಅವನೂ ಇಳಿಸಿ, ಇನ್ನೊಬ್ಬನಿಗೆ ಪ್ಲೇಟು ಬದಲಾಯಿಸಿದ. ತಮ್ಮ ಭಾರ ತಾವು ಹಾಕಿಕೊಳ್ಳದ ಇವರು ಎಂಥ ಜನ? ರಿನಾಳಿಗೆ ತಡೆಯಲಾಗಲಿಲ್ಲ. ಎದ್ದು ಒಳಗೆ ಹೋದಳು.

"ಕಾರ್ಡು?" ಎಂದು ಬಾಗಿಲ ಪಕ್ಕದ ಮೇಜಿನಿಂದ ಒಬ್ಬ ಕೈ ಚಾಚಿದ. ಬಿಳಿ ಮೀಸೆ, ಗೂಳಿಯ ಕುತ್ತಿಗೆ. ಜಿಮ್ಮಿನ ಯಜಮಾನ ಗೆಂಚೊ, ಒಂದು ಕಾಲದ ಭಾರ ಎತ್ತುವ ಪೈಲ್ವಾನ.

ರಿನಾ ಕೊಟ್ಟಳು. ಕಾರ್ಡು ಅವಳದಲ್ಲ, ನಾದಿನಿಯದು. ನಾದಿನಿಯ ಮಗ ಹೊಸ ವರ್ಷದ ಉಡುಗೊರೆಯೆಂದು ಅಮ್ಮನಿಗೆ ಇಡೀ ವರ್ಷಕ್ಕೆ ಮಾಡಿಸಿಕೊಟ್ಟಿದ್ದ. ಅಮ್ಮ ಒಂದು ದಿನವೂ ಈ ಕಡೆ ತಲೆ ಹಾಕಿರಲಿಲ್ಲ. 'ಭಾರ ಎತ್ತಬೇಕಂತೆ! ನನ್ನನ್ನೇ ನಾನು ಹೊತ್ಕೊಂಡು ಓಡಾಡ್ತಿಲ್ವಾ? ನೀನೇ ಇಟ್ಕೊಳ್ಳೇ ಅತ್ತಿಗೆ' ಎಂದು ದಾಟಿಸಿದ್ದಳು.

"ತೊದೋರ್ಕಾ!" ಗೆಂಚೊ ಕಾರ್ಡು ಓದಿ ಇಡೀ ನೆಲಮಾಳಿಗೆಗೆ ಕೇಳುವಂತೆ ಕೂಗಿದ. "ಬಂದ್ರಾ ತಾಯಿ! ಮಗ ಬಂದು ಕಾರ್ಡು ಮಾಡಿಸ್ಕೊಂಡು ಹೋದಾಗಿಂದ ಕಾಯ್ತಾ ಇದೀನಿ. ಏ, ನೋಡ್ರಪ್ಪ, ತೊದೋರ್ಕಾ ಬಂದ್ರು!"

ಅಲ್ಲ, ನಾನು ತೊದೋರ್ಕಾ ಅಲ್ಲ ಎನ್ನಲು ರಿನಾ ಬಾಯಿ ತೆರೆದಳು. ಹಾಗೆಂದರೆ ಮುಂದಿನ ಪ್ರಶ್ನೆ, ಹಾಗಾದರೆ ನಿಮ್ಮ ಹೆಸರೇನು ಎಂಬುದು. ಬಾಯಿ ಮುಚ್ಚಿಕೊಂಡಳು.

ಅವಳ ಪೂರ್ತಿ ಹೆಸರು ಸೆಪ್ಟೆಮ್ವ್ರಿನಾ. ಇಟ್ಟವನು ಅಪ್ಪ. ಅಪ್ಪನ ಕಾಲದಲ್ಲಿ ಸೆಪ್ಟೆಂಬರ್ ಒಂಬತ್ತು ಇಡೀ ದೇಶಕ್ಕೆ ದೊಡ್ಡ ಹಬ್ಬ. ಕೆಂಪು ಸರ್ಕಾರ ಅಧಿಕಾರ ಹಿಡಿದ ದಿನ. ಬಾವುಟ, ಮೆರವಣಿಗೆ, ಭಾಷಣ. ಆ ಸಂಭ್ರಮದಲ್ಲಿ ಮಗಳಿಗೆ ತಿಂಗಳ ಹೆಸರನ್ನೇ ಇಟ್ಟುಬಿಟ್ಟ. ಆಮೇಲೆ ಸರ್ಕಾರವೂ ಹೋಯಿತು, ಹಬ್ಬವೂ ಹೋಯಿತು, ಹೆಸರೊಂದು ಇವಳ ಕುತ್ತಿಗೆಗೆ ಉಳಿಯಿತು. ಮಿಕ್ಕವರಿಗೆಲ್ಲ ಅವರವರ ಹೆಸರಿನ ಸಂತನ ದಿನ ಹೆಸರಹಬ್ಬ. ಆ ದಿನ ಹಬ್ಬದವರು ಯಾರನ್ನೂ ಕರೆಯುವ ಹಾಗಿಲ್ಲ, ಬಂದವರನ್ನು ಕಳಿಸುವ ಹಾಗೂ ಇಲ್ಲ. ಮೇಜು ಹಾಸಿ ಕಾಯುವುದು, ಜನ ತಾವಾಗಿ ಬರುವುದು. ಸೆಪ್ಟೆಮ್ವ್ರಿನಾ ಎಂಬ ಸಂತಳು ಯಾವ ಕ್ಯಾಲೆಂಡರಿನಲ್ಲೂ ಇಲ್ಲವಾದ್ದರಿಂದ, ಶುಭಕ್ಕೆ ಒಯ್ಯುವ ಬೆಸ ಸಂಖ್ಯೆಯ ಹೂವು ಹಿಡಿದು ಬೇರೆಯವರ ಬಾಗಿಲು ತಟ್ಟುವುದರಲ್ಲೇ ಅವಳ ಆಯಸ್ಸು ಕಳೆದಿತ್ತು.

ತೊದೋರ್ಕಾ ಎಂದು ಕರೆಸಿಕೊಳ್ಳುವುದು ಹಾಗೆ ನೋಡಿದರೆ ಸುಖವಾಗಿಯೇ ಇತ್ತು.

ಮೊದಲ ವಾರ ಅವಳು ಮೂಲೆಯ ಸೈಕಲ್ಲು ಬಿಟ್ಟು ಇಳಿಯಲಿಲ್ಲ. ಅಲ್ಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಎತ್ತುವ ಮುಂಚೆ ಅಂಗೈಗೆ ಸುಣ್ಣದಂಥ ಪುಡಿ ಏಕೆ ಹಚ್ಚುತ್ತಾರೆ? ದೋಬ್ರಿ ಎಂಬ ಆ ದಡೂತಿ ಗಂಡಸು ಎತ್ತುವಾಗ ಹೆರಿಗೆಯ ಸದ್ದು ಏಕೆ ಮಾಡುತ್ತಾನೆ? ತಾನು ನೋಡುವುದರಲ್ಲಿ ಮುಳುಗಿ, ತನ್ನನ್ನು ಯಾರು ನೋಡುತ್ತಾರೆಂಬುದನ್ನು ಆಗಾಗ ಮರೆಯುತ್ತಿದ್ದಳು. ನಿಜ ಹೇಳಬೇಕೆಂದರೆ ಯಾರೂ ನೋಡುತ್ತಿರಲಿಲ್ಲ.

ಕೊನೆಗೆ ಅವಳನ್ನು ಸೈಕಲ್ಲಿನಿಂದ ಇಳಿಸಿದವಳು ಸ್ವೆಟರಿನ ಮುದುಕಿ ವೆಲಿಚ್ಕಾ. ಹಲ್ಲಿನ ಡಾಕ್ಟರಾಗಿದ್ದವಳು, ಊರಿನ ಅರ್ಧಕ್ಕರ್ಧ ಹಲ್ಲು ಕಿತ್ತವಳು.

"ಆ ಸೈಕಲ್ಲು ಎಲ್ಲಿಗೂ ಹೋಗಲ್ಲ ಕಣೇ, ನಾನು ಹತ್ತು ವರ್ಷದಿಂದ ನೋಡ್ತಿದೀನಿ," ಎಂದಳು. "ಬಾ ಇಲ್ಲಿ. ನಾನಾದ ಮೇಲೆ ದೋಬ್ರಿ, ದೋಬ್ರಿ ಆದ ಮೇಲೆ ಗೆಂಚೊ, ಗೆಂಚೊ ಆದ ಮೇಲೆ ನೀನು, ನೀನಾದ ಮೇಲೆ ಮತ್ತೆ ನಾನು. ನಿನ್ನ ಭಾರ ಗೆಂಚೊ ಹಾಕ್ತಾನೆ. ನನ್ನ ಭಾರ ನೀನು ಹಾಕು."

"ತಮ್ಮದು ತಾವೇ ಹಾಕ್ಕೊಂಡ್ರೆ ಏನಾಗುತ್ತೆ?"

"ಜಂಭ ಬರುತ್ತೆ. ಕೈಲಾಗದ್ದು ಹಾಕ್ಕೊಂಡು ಸೊಂಟ ಮುರ್ಕೋತಾರೆ. ಪಕ್ಕದೋನಿಗೆ ನಿನ್ನ ಕೈಲಿ ಎಷ್ಟಾಗುತ್ತೆ ಅನ್ನೋದು ನಿನಗಿಂತ ಚೆನ್ನಾಗಿ ಗೊತ್ತಿರುತ್ತೆ."

"ಬಂದೋರಿಗೆಲ್ಲ ಇದನ್ನೇ ಹೇಳ್ತಾಳೆ," ಎಂದ ದೋಬ್ರಿ. ಟ್ಯಾಕ್ಸಿ ಓಡಿಸುವವನು, ಬಾಯಿಗೆ ಬ್ರೇಕಿಲ್ಲ. "ನನಗೆ ಮಾತ್ರ ದಿನಾ ಜಾಸ್ತಿ ಹಾಕ್ತಾಳೆ. ಹಲ್ಲು ಕೀಳೋ ಕಾಲದ ಚಾಳಿ ಹೋಗಿಲ್ಲ."

ಗೆಂಚೊ ಅವಳಿಗೆ ಬರೀ ರಾಡು ಕೊಟ್ಟ. ಆಮೇಲೆ ಅತಿ ಚಿಕ್ಕ ಪ್ಲೇಟು. ಒಂದು ದಿನ ಕೇಳದೆಯೇ ಇನ್ನೊಂದು ಅಳತೆ ಏರಿಸಿದ. ರಿನಾ ಎತ್ತಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ಅವಳು ಮರುದಿನ ಬರುತ್ತಿರಲಿಲ್ಲವೇನೋ. ವೆಲಿಚ್ಕಾ ಮಾತ್ರ, "ಏನೇ ನೋಡ್ತಾ ನಿಂತೆ, ನಂದು ಹಾಕು," ಎಂದು ಗದರಿದಳು. ಆ ಗದರಿಕೆ ಕೇಳಿ ರಿನಾಳಿಗೆ ಖುಷಿಯಾಯಿತು. ಅಷ್ಟು ಹೊತ್ತಿಗೆ ಗೆಂಚೊ 'ನೀವು' ಬಿಟ್ಟು 'ನೀನು' ಎನ್ನತೊಡಗಿದ್ದ. ಜಿಮ್ಮಿನ ಆಚೆ ಆ ಊರಲ್ಲಿ ಅವಳನ್ನು ನಾದಿನಿಯ ಹೊರತು ಬೇರೆ ಯಾರೂ ಹಾಗೆ ಕರೆದಿರಲಿಲ್ಲ.

ಅವಳ ಪಾಲಿಗೆ ಬರುವ ಪ್ಲೇಟುಗಳು ಹಳೆಯವು. ಅವುಗಳ ಮುಖದಲ್ಲಿ ಒಂದು ವಿಚಿತ್ರವಿತ್ತು. ಅಂಚಿನಲ್ಲಿ ತೂಕ ಕೊರೆದಿತ್ತು, ನಡುವೆ ಮಾತ್ರ ಯಾರೋ ಯಂತ್ರದಿಂದ ಉಜ್ಜಿ ಉಜ್ಜಿ ಕಬ್ಬಿಣವನ್ನು ನುಣ್ಣಗೆ ಮಾಡಿದ್ದರು. ಎಲ್ಲ ಹಳೇ ಪ್ಲೇಟುಗಳೂ ಹಾಗೇ. ರಿನಾ ಬೆರಳಾಡಿಸಿ ನೋಡಿದಳು. ಗೆಂಚೊ ಆ ಕಡೆ ಹೋದಾಗ ವೆಲಿಚ್ಕಾಳನ್ನು ಕೇಳಿದಳು.

"ಎರಕ ಹಾಕಿದ ಕಾರ್ಖಾನೆ ಹೆಸರು ಇತ್ತು ಅಲ್ಲಿ. 'ಸೆಪ್ಟೆಂಬರ್ ಒಂಬತ್ತು' ಅಂತ, ಒಂದು ನಕ್ಷತ್ರ ಬೇರೆ. ಕೊಂಡು ತಂದ ದಿನವೇ ಗೆಂಚೊ ಕೂತ್ಕೊಂಡು ಒಂದೊಂದೇ ಉಜ್ಜಿ ಹಾಕ್ದ." ವೆಲಿಚ್ಕಾ ದನಿ ಇಳಿಸಿದಳು. "ಅವನ ಅಜ್ಜನ್ನ ಕೆಂಪು ಸರ್ಕಾರದೋರು ಆ ದಿನಾನೇ ಎಳ್ಕೊಂಡು ಹೋಗಿದ್ದು. ಆಮೇಲೆ ಸುದ್ದೀನೂ ಇಲ್ಲ, ಗೋರೀನೂ ಇಲ್ಲ. ಇವತ್ತಿಗೂ ಆ ತಾರೀಖು ಗೆಂಚೊ ಜಿಮ್ ತೆಗೆಯಲ್ಲ, ಮನೆ ಕಿಟಕೀನೂ ತೆಗೆಯಲ್ಲ."

ರಿನಾ ಪ್ಲೇಟನ್ನು ಮೆಲ್ಲಗೆ ನೆಲಕ್ಕಿಟ್ಟಳು. ಆ ದಿನದಿಂದ ಸುಳ್ಳು ಹೆಸರಿನ ಸುಖ ಹೋಯಿತು, ಭಯ ಬಂತು. ಹೇಳಿಬಿಡಬೇಕು ಎಂದು ಮನೆಯಿಂದ ಹೊರಡುತ್ತಿದ್ದಳು. ಗೆಂಚೊ ತನಗೆಂದು ಪ್ಲೇಟು ಸಿಕ್ಕಿಸುವುದನ್ನು ನೋಡಿ ನಾಳೆ ಎನ್ನುತ್ತಿದ್ದಳು. ಈ ನಾಲ್ಕು ಜನರ ಸುತ್ತು ತಪ್ಪಿಹೋದರೆ ಊರಲ್ಲಿ ಅವಳಿಗೆ ಬೇರೇನೂ ಇರಲಿಲ್ಲ.

ಮಾರ್ಚ್ ಒಂದರಂದು ದೋಬ್ರಿ ಎಲ್ಲರ ಮಣಿಕಟ್ಟಿಗೂ ವಸಂತಕ್ಕೆಂದು ಕಟ್ಟುವ ಕೆಂಪು ಬಿಳಿ ದಾರ ಕಟ್ಟಿ, ರಾಡಿಗೂ ಒಂದು ಕಟ್ಟಿದ. ಮುಂದಿನ ಶನಿವಾರವೇ ಸಂತ ತೊದೋರನ ಹಬ್ಬ, ತೊದೋರ್ಕಾಗಳ ಹೆಸರಹಬ್ಬ. ಜಿಮ್ಮಿನಲ್ಲಿ ಯಾರೂ ಆ ಮಾತೆತ್ತಲಿಲ್ಲ. ರಿನಾ ಬದುಕಿದೆ ಎಂದುಕೊಂಡಳು. ಹೆಸರಹಬ್ಬಕ್ಕೆ ಬರುತ್ತೇವೆಂದು ಯಾರೂ ಮುಂಚೆ ಹೇಳುವುದಿಲ್ಲ ಎಂಬುದನ್ನು, ಆಯಸ್ಸೆಲ್ಲ ಬೇರೆಯವರ ಹಬ್ಬಕ್ಕೆ ಹೋಗಿ ಬಂದ ಇವಳು ಮರೆತಿದ್ದಳೆಂದರೆ ಏನು ಹೇಳೋಣ!

ಶನಿವಾರ ಅವಳು ನಾದಿನಿಯ ಮನೆಯ ಅಡುಗೆಕೋಣೆಯಲ್ಲಿದ್ದಳು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ್ದರಿಂದ ಮಾಂಸವಿಲ್ಲ. ಒಣಗಿಸಿದ ದೊಣ್ಣೆಮೆಣಸಿನೊಳಗೆ ಹುರುಳಿಕಾಯಿ ಬೀಜ ತುಂಬಿ ಬೇಯಿಸಿದ್ದರು. ಮುಂದಿನ ಕೋಣೆಯಲ್ಲಿ ನೆಂಟರ ಗದ್ದಲ. ಗಂಟೆ ಬಾರಿಸಿತು. ನಾದಿನಿ, ನಿಜವಾದ ತೊದೋರ್ಕಾ, ಹೋಗಿ ಬಾಗಿಲು ತೆಗೆದಳು.

"ನೂರು ವರ್ಷ ಬಾಳಲಿ! ಹಬ್ಬದ ಮನೆ ಇದೇ ತಾನೆ?" ಎಂಬ ದನಿ ಕೇಳಿ ರಿನಾಳ ಕೈಯಲ್ಲಿದ್ದ ಸೌಟು ನಿಂತಿತು. ಗೆಂಚೊ.

ಮಗ ಕಾರ್ಡು ಮಾಡಿಸುವಾಗ ಮನೆಯ ವಿಳಾಸವನ್ನೂ ಕೊಟ್ಟಿದ್ದ. ದೋಬ್ರಿಗೆ ಊರಿನ ಮನೆಮನೆಯೂ ಗೊತ್ತು. ಗೆಂಚೊ, ದೋಬ್ರಿ, ವೆಲಿಚ್ಕಾ ಮೂವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು, ಸಂತ ತೊದೋರನ ಕುದುರೆಯ ಆಕಾರದ ಹಬ್ಬದ ರೊಟ್ಟಿ, ಏಳು ಹೂವು ಹಿಡಿದು ಬಂದಿದ್ದರು. ತೊದೋರ್ಕಾ ಅವರ ಮುಖ ಹಿಂದೆಂದೂ ಕಂಡವಳಲ್ಲ. ಹಾಗೆಂದು ಹೆಸರಹಬ್ಬಕ್ಕೆ ಬಂದವರನ್ನು ನೀವ್ಯಾರು ಎಂದು ಕೇಳುವುದುಂಟೆ? ಮಗನ ಕಡೆಯವರಿರಬೇಕೆಂದು ಕೂರಿಸಿ, ಗ್ಲಾಸು ತುಂಬಿ, ತಟ್ಟೆ ಇಟ್ಟಳು. ಅವರೂ ಈಕೆ ಹಬ್ಬದವಳ ನೆಂಟಳಿರಬೇಕೆಂದು ತಿಳಿದು, ಹೊಗಳುತ್ತ ತಿಂದರು.

"ಅಡುಗೆ ಬಹಳ ಚೆನ್ನಾಗಿದೆ," ಎಂದ ದೋಬ್ರಿ ಬಾಯಿ ತುಂಬಿಕೊಂಡು. "ಆದ್ರೆ ಹಬ್ಬದೋಳು ಎಲ್ಲಿ?"

"ಅಯ್ಯೋ, ಎದುರಿಗೇ ನಿಂತಿದೀನಲ್ಲಪ್ಪ! ನಾನೇ ತೊದೋರ್ಕಾ!"

"ನೀವೂನಾ? ಒಂದೇ ಮನೇಲಿ ಇಬ್ಬರು!" ಗೆಂಚೊ ನಕ್ಕ. "ಸಂತೋಷ, ನಿಮಗೂ ನೂರು ವರ್ಷ. ನಮ್ಮ ತೊದೋರ್ಕಾ ಎಲ್ಲಿ?"

ನಮ್ಮ ಎಂದ ಅವನು. ಅಡುಗೆಕೋಣೆಯಲ್ಲಿ ರಿನಾಳ ಕಣ್ಣು ತುಂಬಿತು. ಹಿತ್ತಿಲ ಬಾಗಿಲು ತೆರೆದೇ ಇತ್ತು, ಹೋಗಿಬಿಡಬಹುದಿತ್ತು. ಬಟ್ಟಲು ಕೈಗೆತ್ತಿಕೊಂಡು ಮುಂದಿನ ಕೋಣೆಗೆ ನಡೆದಳು.

"ಬಂದ್ಲು ನೋಡಿ!" ಎಂದ ದೋಬ್ರಿ.

"ಇವಳಾ?" ತೊದೋರ್ಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇವಳು ನಮ್ಮತ್ತಿಗೆ ಕಣ್ರೀ, ರಿನಾ! ಓಹೋ, ಜಿಮ್ಮಿನವರಾ ನೀವು? ನನ್ನ ಕಾರ್ಡಲ್ಲಿ ಇವಳು ಕಬ್ಬಿಣ ಎತ್ತಿದ್ಲು, ಇವಳ ಲೆಕ್ಕದಲ್ಲಿ ನಾನು ಹೂವು ತಗೊಂಡೆ!"

ಎಲ್ಲರೂ ನಕ್ಕರು. ಗೆಂಚೊನೂ ಮೀಸೆ ಒರೆಸಿಕೊಂಡು ನಕ್ಕ. ಅಷ್ಟಕ್ಕೆ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವೆಲಿಚ್ಕಾ ಬಿಡುವವಳಲ್ಲ.

"ರಿನಾ ಅಂದ್ರೆ ಯಾವುದೇ? ಮರೀನಾನಾ, ಕತೆರೀನಾನಾ? ನಿನ್ನ ಹಬ್ಬ ಯಾವಾಗ ಅಂತ ಗೊತ್ತಾಗಬೇಕಲ್ಲ."

ಕತೆರೀನಾ ಎಂದರೆ ಸಾಕಿತ್ತು. ನಾದಿನಿಯೂ ಅಡ್ಡಬರುತ್ತಿರಲಿಲ್ಲ. ರಿನಾ ಆ ಹೆಸರನ್ನು ನಾಲಗೆಯ ತುದಿಯವರೆಗೂ ತಂದಳು. ಚಳಿಗಾಲದ ಮೊದಲಿಗೆ ಅದಕ್ಕೂ ಸಂತಳಿದ್ದಾಳೆ, ಆಗಲೂ ಇವರು ಹೂವು ಹಿಡಿದು ಬರುತ್ತಾರೆ, ಆಗಲೂ ತಾನು ಅಡುಗೆಕೋಣೆಯಲ್ಲಿ ಸೌಟು ಹಿಡಿದು ಅಡಗಿರಬೇಕು. ಬೇಡವೆನಿಸಿತು.

"ಸೆಪ್ಟೆಮ್ವ್ರಿನಾ," ಎಂದಳು. ಗೆಂಚೊನ ಮುಖ ನೋಡಿಯೇ ಹೇಳಿದಳು. "ಅಪ್ಪ ಇಟ್ಟಿದ್ದು. ಒಂಬತ್ತನೇ ತಾರೀಖಿನ ಹೆಸರು."

ಗೆಂಚೊ ಗ್ಲಾಸು ಕೆಳಗಿಟ್ಟ. ಎದ್ದು ಕೋಟು ಹಾಕಿಕೊಂಡ. ತೊದೋರ್ಕಾಳಿಗೆ ಇನ್ನೊಮ್ಮೆ ನೂರು ವರ್ಷ ಹಾರೈಸಿ ಹೊರಟುಹೋದ. ಅವನು ತಂದಿದ್ದ ಕೈಚೀಲ ಕುರ್ಚಿಯ ಮೇಲೇ ಉಳಿಯಿತು. ಅದರೊಳಗೆ ಎತ್ತುವಾಗ ಸೊಂಟಕ್ಕೆ ಬಿಗಿಯುವ ಅವನ ಹಳೇ ಚರ್ಮದ ಪಟ್ಟಿ ಇತ್ತು. ರಿನಾಳ ಸೊಂಟಕ್ಕೆ ಸರಿಯಾಗಲೆಂದು ಹೊಸದಾಗಿ ಒಂದು ತೂತು ಕೊರೆದಿದ್ದ.

ಸೋಮವಾರ ರಿನಾ ಜಿಮ್ಮಿಗೆ ಹೋದಳು. ಹೋಗದಿರಲು ಎಲ್ಲ ಕಾರಣಗಳೂ ಇದ್ದವು. ಬೆಂಚಿನ ಮೇಲೆ ಮತ್ತೆ ಲೇಸಿನ ಜೊತೆ ಜಗಳವಾಡಿ, ಒಳಗೆ ಹೋಗಿ, ತನ್ನ ಹೆಸರಲ್ಲಿ ಕಾರ್ಡು ಬೇಕು ಎಂದಳು.

"ಬರೆದುಕೊಡ್ತೀನಿ. ನೀವು ಕೂತಿರಿ," ಎಂದ ಗೆಂಚೊ.

ನೀವು! ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಸುತ್ತು ಶುರುವಾಯಿತು. ವೆಲಿಚ್ಕಾ ಎತ್ತಿದಳು, ದೋಬ್ರಿ ಎತ್ತಿದ, ಗೆಂಚೊ ಎತ್ತಿದ. ಎತ್ತಿ, ಇಳಿಸಿ, ರಾಡಿನ ಮೇಲೆ ತನ್ನ ದೊಡ್ಡ ಪ್ಲೇಟುಗಳನ್ನು ಹಾಗೇ ಬಿಟ್ಟು ನೀರು ಕುಡಿಯಲು ಹೊರಟುಹೋದ. ಅಷ್ಟು ಭಾರದ ಮುಂದೆ ರಿನಾ ಕೈಕಟ್ಟಿ ನಿಂತಳು. ದೋಬ್ರಿ ಓಡಿಬಂದು ತೆಗೆದು ಅವಳದನ್ನು ಹಾಕಿದ. "ಮುದಿ ಕತ್ತೆ," ಎಂದು ಗೆಂಚೊ ಹೋದ ಕಡೆ ನೋಡಿ ಹಲ್ಲು ಕಡಿದ. "ತಲೆ ಕೆಡಿಸ್ಕೋಬೇಡ ಅಕ್ಕ."

ವಾರಗಟ್ಟಲೆ ಹಾಗೇ ನಡೆಯಿತು. ಗೆಂಚೊ ಅವಳನ್ನು ಬರಬೇಡ ಎನ್ನಲಿಲ್ಲ, ಅವಳ ಭಾರವನ್ನು ಮುಟ್ಟಲೂ ಇಲ್ಲ. ಕ್ಷಮೆ ಕೇಳಬೇಕೆಂದು ರಿನಾಳಿಗೆ ಎಷ್ಟೋ ಸಲ ಅನಿಸಿತು. ಏನೆಂದು ಕೇಳುವುದು? ಹುಟ್ಟಿದ್ದಕ್ಕೋ? ಪಟ್ಟಿಯನ್ನು ದಿನವೂ ಚೀಲದಲ್ಲಿ ತರುತ್ತಿದ್ದಳು, ಹೊರಗೆ ತೆಗೆಯುತ್ತಿರಲಿಲ್ಲ. ದಿನ ಕಳೆದಂತೆ ನೋವಿನ ಪಕ್ಕದಲ್ಲಿ ಅವಳ ಹಳೇ ಚಾಳಿ ಮತ್ತೆ ತಲೆಯೆತ್ತಿತು. ಆ ಅಜ್ಜನ ಸಾವು ಎಲ್ಲರಿಗೂ ಗೊತ್ತು. ಅವನು ಬದುಕಿದ್ದಾಗ ಹೇಗಿದ್ದ? ವೆಲಿಚ್ಕಾಳಿಗೆ ಗೊತ್ತಿಲ್ಲ. ದೋಬ್ರಿಗೂ ಗೊತ್ತಿಲ್ಲ. ಇಷ್ಟು ವರ್ಷ ಜೊತೆಗಿದ್ದು ಒಬ್ಬರೂ ಕೇಳಿಲ್ಲ.

ಏಪ್ರಿಲಿನ ಒಂದು ಬೆಳಿಗ್ಗೆ ಗೆಂಚೊ ಪ್ಲೇಟುಗಳಿಗೆ ಎಣ್ಣೆಬಟ್ಟೆ ಒರೆಸುತ್ತ ಕೂತಿದ್ದ. ಉಳಿದಿಬ್ಬರು ಇನ್ನೂ ಬೂಟು ಬದಲಾಯಿಸುತ್ತಿದ್ದರು. ರಿನಾ ಹೋಗಿ ಎದುರಿಗೆ ನಿಂತಳು.

"ನಿಮ್ಮಜ್ಜ ಏನು ಕೆಲಸ ಮಾಡ್ತಿದ್ರು?"

ಗೆಂಚೊ ತಲೆಯೆತ್ತಿದ. "ಯಾಕೆ?"

"ಗೊತ್ತಿಲ್ಲ. ಅದಕ್ಕೇ ಕೇಳಿದೆ."

ಅವನು ಒರೆಸಿದ ಪ್ಲೇಟನ್ನೇ ಮತ್ತೆ ಒರೆಸಿದ. "ಹಿಟ್ಟಿನ ಗಿರಣಿ," ಎಂದ. "ಎರಡು ಕಂಕುಳಲ್ಲಿ ಎರಡು ಮೂಟೆ ಇಟ್ಕೊಂಡು ಮೆಟ್ಟಿಲು ಹತ್ತೋನಂತೆ. ನೋಡೋಕೆ ಹುಡುಗೀರು ಬರೋರಂತೆ. ನಾನು ನೋಡಿಲ್ಲ, ನಾನು ಹುಟ್ಟೋ ಮುಂಚೇನೇ ಹೋದ. ಅಜ್ಜಿ ಹೇಳ್ತಿದ್ಲು."

"ಅಜ್ಜಿ ಇನ್ನೇನು ಹೇಳ್ತಿದ್ರು?"

"ಮೆಣಸಿನಕಾಯಿ." ಗೆಂಚೊನ ಮೀಸೆ ಒಂದು ಸಲ ಅದುರಿತು. "ಎಳ್ಕೊಂಡು ಹೋಗೋ ಹಿಂದಿನ ಸಂಜೆ ಅಂಗಳದಲ್ಲಿ ಕೂತು ಚಳಿಗಾಲಕ್ಕೆ ಅಂತ ಕೆಂಪು ದೊಣ್ಣೆಮೆಣಸು ಸುಡ್ತಿದ್ನಂತೆ. ಅಜ್ಜಿ ಸಿಪ್ಪೆ ಬಿಡಿಸ್ತಿದ್ಲಂತೆ. ಅವನು ಸುಮ್ನಿರದೆ ಮಸಿ ಕೈಯಲ್ಲಿ ಇವಳ ಮೂಗು ಮುಟ್ಟಿ ಮುಟ್ಟಿ ಓಡಿಹೋಗೋನಂತೆ. ಮುದುಕಿ ಸಾಯೋವರೆಗೂ ಅದನ್ನೇ ಹೇಳಿದ್ಲು. ಮೂಗು ಕಪ್ಪಾಗಿತ್ತು ಕಣೋ, ನಾನು ನಗ್ತಿದ್ದೆ ಕಣೋ ಅಂತ."

ರಿನಾಳಿಗೂ ನಗು ಬಂತು. ಗೆಂಚೊನಿಗೂ ಬಂತು. ಅವನು ಎಣ್ಣೆಬಟ್ಟೆಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಎಣ್ಣೆ ಮಾಡಿಕೊಂಡ.

ಸುತ್ತು ಶುರುವಾಯಿತು. ವೆಲಿಚ್ಕಾ ಎತ್ತಿದಳು, ದೋಬ್ರಿ ಎತ್ತಿದ, ಗೆಂಚೊ ಎತ್ತಿ ಇಳಿಸಿದ. ಎಂದಿನಂತೆ ರಿನಾಳ ಪ್ಲೇಟು ಹಾಕಲು ದೋಬ್ರಿ ಮುಂದೆ ಬಂದ.

"ನೀನು ನಿನ್ನ ಜಾಗಕ್ಕೆ ಹೋಗೋ," ಎಂದ ಗೆಂಚೊ. ತನ್ನ ಪ್ಲೇಟು ತೆಗೆದ. ಮುಖ ಉಜ್ಜಿದ ಎರಡು ಹಳೇ ಪ್ಲೇಟುಗಳನ್ನು ತಂದು ರಾಡಿನ ಎರಡೂ ತುದಿಗೆ ಸಿಕ್ಕಿಸಿದ. ಅವಳು ಹಿಂದೆಂದೂ ಎತ್ತದ ಅಳತೆ. "ಪಟ್ಟಿ ಎಲ್ಲಿ ನಿಂದು? ಶೋಕಿಗೆ ಕೊಟ್ಟಿದ್ನಾ?"

ನಿಂದು ಎಂದ. ರಿನಾ ಚೀಲದಿಂದ ಪಟ್ಟಿ ತೆಗೆದು ಬಿಗಿದುಕೊಂಡಳು. ಹೊಸ ತೂತಿಗೆ ಸರಿಯಾಗಿ ಕೂತಿತು.

"ಮೆಣಸಿನಕಾಯಿ ಸುಡೋಕೆ ಬರುತ್ತಾ ನಿಂಗೆ?" ಎಂದು ಕೇಳಿದ.

"ಬರುತ್ತೆ."

"ಹಾಗಾದ್ರೆ ನಿನ್ನ ಹೆಸರಹಬ್ಬ ಸೆಪ್ಟೆಂಬರ್ ಎಂಟಕ್ಕೆ. ಒಂಬತ್ತಕ್ಕೆ ನಾನು ಬರಲ್ಲ, ಯಾವತ್ತೂ ಬರಲ್ಲ. ಎಂಟಕ್ಕೆ ಬರ್ತೀನಿ." ಅವನು ರಾಡಿನ ಕೆಂಪು ಬಿಳಿ ದಾರವನ್ನು ಸರಿಮಾಡುತ್ತ ನಿಂತ. "ಎಂಟಕ್ಕೆ ಇನ್ನೂ ಏನೂ ಆಗಿರ್ಲಿಲ್ಲ. ಅಜ್ಜ ಮನೇಲೇ ಇದ್ದ."

ರಿನಾ ಪಟ್ಟಿಯನ್ನು ಇನ್ನೊಮ್ಮೆ ಬಿಗಿದುಕೊಂಡಳು. "ಎಷ್ಟು ಜನ ಬರ್ತೀರಿ?" ಎಂದು ಕೇಳಿದಳು.

"ಅದನ್ನ ಯಾರಾದ್ರೂ ಮುಂಚೆ ಹೇಳ್ತಾರೇನೇ?" ಎಂದಳು ವೆಲಿಚ್ಕಾ. "ಬೇಗ ಎತ್ತು, ನನ್ನ ಮೈ ಆರಿಹೋಗ್ತಿದೆ."

ಕನ್ನಡಿಯಲ್ಲಿ ಗಂಡನ ಪ್ಯಾಂಟು ತೊಟ್ಟ ಹೆಂಗಸು ಸೊಂಟಕ್ಕೆ ಪಟ್ಟಿ ಬಿಗಿದು ನಿಂತಿದ್ದಳು. ರಿನಾ ಈ ಸಲ ಅವಳನ್ನು ಚೆನ್ನಾಗಿ ನೋಡಿದಳು. ಆಮೇಲೆ ಬಗ್ಗಿ ರಾಡು ಹಿಡಿದಳು.